ಶೋಭಾಳ ಕಿವಿಯಲ್ಲಿ ನಾನು ಹೇಳಿದ ಹೆಸರು

ನನ್ನ ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ, ಹೆತ್ತವರು ಆರಿಸಿದ ಹೆಸರನ್ನು ನಾನು ಅವಳ ಕಿವಿಯಲ್ಲಿ ಹೇಳಲಿಲ್ಲ. ಬೇರೆ ಹೆಸರು ಹೇಳಿದೆ — ಬೇಕೆಂದೇ. ಆ ತಪ್ಪು ಮುಂದೆ ನನ್ನ ಅವ್ವನ ತಲೆಗೆ ಬಂತು. ಆಗಲೂ ಬಾಯಿ ಮುಚ್ಚಿಕೊಂಡಿದ್ದೆ. ಹೆಸರಿನ ವಿಷಯವನ್ನು ಹತ್ತು ಜನರ ಎದುರು ಒಪ್ಪಿಕೊಂಡಾಗಿದೆ, ಅದು ಈಗ ನಮ್ಮ ಮನೆಯಲ್ಲಿ ನಗುವ ಕಥೆ. ಆದರೆ ಬಾಯಿ ಮುಚ್ಚಿಕೊಂಡದ್ದು ಯಾಕೆ — ಅದನ್ನು ಮಾತ್ರ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಈಗ ಬರೆಯಲು ಕೂತದ್ದಕ್ಕೆ ಒಂದು ಕಾರಣವಿದೆ. ಆ ಮಗುವೇ ಈಗ ಅಜ್ಜಿಯಾಗಿದ್ದಾಳೆ. ಅವಳ ಸೊಸೆ, ಓದಿದ ಹುಡುಗಿ, ಮೊನ್ನೆ ಕೂಸನ್ನು ಎತ್ತಿಕೊಂಡು ಬಂದು, ಹಳೇ ಕಾಲದ ಹೆಸರೇ ಬೇಕು, ನಿಮಗೆ ನೆನಪಿರೋದನ್ನೆಲ್ಲ ಹೇಳಿ ಎಂದು ಕೂತಳು. ಗೌರಮ್ಮ, ನೀಲಮ್ಮ, ಸಿದ್ದಮ್ಮ, ಪಾರ್ವತಮ್ಮ — ನಾನು ಹೇಳುತ್ತ ಹೋದೆ, ಅವಳು ಒಂದೊಂದನ್ನೂ ಕೂಸಿನ ಮುಖಕ್ಕೆ ಹಚ್ಚಿ ನೋಡುತ್ತ ಹೋದಳು. ಹಿಂದೆ ನಮ್ಮ ಹೆಸರು ಕೇಳಿದರೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಈಗ ಹುಡುಕಿಕೊಂಡು ಬರುತ್ತಾರೆ. ನನ್ನ ಕಣ್ಣಿನಿಂದ ಇದನ್ನು ನೋಡಿದೆನಲ್ಲ, ಶಿವನೇ, ಅದೊಂದು ದೊಡ್ಡದು.

ಅವ್ವನ ಹೆಸರು ಹಾಲಮ್ಮ. ನಮ್ಮ ತವರು ಶಿಕಾರಿಪುರ. ನನ್ನನ್ನು ಸೊರಬದ ಕಡೆ ಜಡೆ ಎಂಬ ಊರಿಗೆ ಕೊಟ್ಟಿದ್ದರು. ಲಂಗ ಬಿಟ್ಟು ಸೀರೆಗೆ ಬಂದ ವರ್ಷವೇ ಮದುವೆ. ತಮ್ಮನ ಹೆಂಡತಿ ಸುಶೀಲ ಮಿಡ್ಲಿಸ್ಕೂಲು ಓದಿದವಳು, ಒಳ್ಳೆಯವಳು, ಮಾತು ಮಾತ್ರ ನೇರ. ಚೊಚ್ಚಲು ಹೆಣ್ಣಾದಾಗ ಶೋಭಾ ಅಂತ ಇಡೋಣ ಎಂದಳು. ಹೆಣ್ಣುಮಗುವಿಗೆ ಅಜ್ಜಿಯ ಹೆಸರಿಡುವುದು ನಮ್ಮಲ್ಲಿ ಬಂದ ರೂಢಿ. ಯಾರೋ ಅದನ್ನು ಎತ್ತಿದರು. ಸುಶೀಲಳ ಅಕ್ಕ ಅಲ್ಲೇ ಇದ್ದವಳು, "ಹಾಲಮ್ಮ ಅಂತ ಇಟ್ಟರ ಮದುವ್ಯಾಗ ಜತಿಗೊಂದು ಎಮ್ಮೀನೂ ಕೊಡಬೇಕಾಗ್ತದ ನೋಡ್ರಿ" ಎಂದಳು. ಎಲ್ಲರೂ ನಕ್ಕರು. ಅವ್ವನೂ ನಕ್ಕಳು.

ಆಮೇಲೆ ಅಡುಗೆಮನೆಯಲ್ಲಿ, ತೊಟ್ಟಿಲ ದಿನ ಬೇಯಿಸಿ ಹಂಚುವ ಗುಗ್ಗರಿಗೆ ಕಾಳು ಹಸನು ಮಾಡುತ್ತ, ತಲೆ ಎತ್ತದೆ, "ನಮ್ಮ ಹೆಸರು ನಮ್ಮ ಜತಿಗೇ ಹೋಗ್ತಾವ ಬಿಡವ್ವ" ಎಂದಳು. ಅಷ್ಟೇ. ಮತ್ತೆ ಕಾಳಿನ ಕಡೆ ನೋಡಿದಳು.

ಹೆಸರು ಕರೆಯುವುದು ಸೋದರತ್ತೆಯ ಕೆಲಸ. ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಗೆ ಬಾಯಿಟ್ಟು ಕುರ್ರ್ ಎಂದು ಹೆಸರು ಹೇಳಬೇಕು. ಆ ಹೊತ್ತಿಗೆ ಸುತ್ತ ನಿಂತ ಹೆಂಗಸರೆಲ್ಲ ಬೆನ್ನಿಗೆ ಗುದ್ದು ಹಾಕುತ್ತಾರೆ. ಆ ಗದ್ದಲದಲ್ಲಿ ಯಾರಿಗೆ ಏನು ಕೇಳುತ್ತದೆ? ನಾನು ಹಾಲಮ್ಮ ಎಂದೆ. ಮತ್ತೆ ಮತ್ತೆ ಎಂದೆ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ "ಶೋಭಾ" ಎಂದು ಕೂಗಿದೆ. ಸುಶೀಲ ನನ್ನ ಕೈಗೆ ಕುಪ್ಪಸದ ಕಣ ಕೊಟ್ಟು ಕಾಲಿಗೆ ಬಿದ್ದಳು. ದೇವರ ಕೆಲಸದಲ್ಲಿ ಸುಳ್ಳು ಹೇಳಿದ ಬಾಯಿಂದಲೇ — ಅವಳಿಗೆ ಆಶೀರ್ವಾದ ಮಾಡಿದೆ.

ಅಲ್ಲಿಗೇ ನಿಲ್ಲಿಸಲಿಲ್ಲ. ತವರಿಗೆ ಹೋದಾಗೆಲ್ಲ ಮಗುವನ್ನು ಕಂಕುಳಿಗೆ ಹಾಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಹಾಲಮ್ಮ, ಕಾಗೆ ನೋಡು. ಹಾಲಮ್ಮ, ಕರು ನೋಡು. ಮಗು ಹೊರಳಿ ನೋಡುತ್ತಿತ್ತು. ಅವಳು ಹಾಗೆ ಹೊರಳಿದಾಗ ನನಗಾಗುತ್ತಿದ್ದ ಹಿಗ್ಗು — ಅದನ್ನು ಇಲ್ಲವೆನ್ನಲಾರೆ.

ಮಾತು ಬಂದ ಮೇಲೆ ಒಂದು ದಿನ ಸುಶೀಲಳ ಅಪ್ಪ ಬಂದಿದ್ದರು. ನಾನೂ ಅಲ್ಲೇ ಇದ್ದೆ. ತೊಡೆಯ ಮೇಲೆ ಕೂರಿಸಿಕೊಂಡು ನಿನ್ನ ಹೆಸರೇನವ್ವ ಎಂದು ಕೇಳಿದರು. ಮಗು ಗಟ್ಟಿಯಾಗಿ "ಹಾಲಮ್ಮ" ಎಂದಿತು. ಅವರು ನಕ್ಕರು. ಸುಶೀಲ ನಗಲಿಲ್ಲ. ಶಾಲೆಯಲ್ಲಿ ಹಳೇ ಹೆಸರಿನ ಹುಡುಗಿಯರನ್ನು ಹೇಗೆ ಆಡಿಕೊಳ್ಳುತ್ತಿದ್ದರು ಎಂದು ಅವಳು ಕಂಡಿದ್ದಳು; ತನ್ನ ಮಗಳಿಗೆ ಅದು ಬೇಡ ಎಂಬುದೇ ಅವಳ ಆಸೆ. ನೆಟ್ಟಗೆ ಅವ್ವನ ಕಡೆ ತಿರುಗಿದಳು.

"ಅತ್ತೇರ, ನಿಮ್ಮ ಹೆಸರು ಉಳೀಲಿ ಅಂತ ನನ್ನ ಮಗಳ ಹೆಸರು ಅಳಸಬ್ಯಾಡ್ರಿ."

ಅವ್ವ ನನ್ನನ್ನು ನೋಡಿದಳು. ಒಂದು ಗಳಿಗೆ, ಅಷ್ಟೇ. ಅವಳಿಗೆ ಎಲ್ಲ ಗೊತ್ತಾಯಿತು. ಆಮೇಲೆ ಸುಶೀಲಳಿಗೆ ಹೇಳಿದಳು, "ಹೂನವ್ವ, ನಾನ ಕಲಿಸಿದ್ದು. ತಪ್ಪಾತು."

ನಾನು ಎದುರಿಗೇ ನಿಂತಿದ್ದೆ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಅಂದಿನಿಂದ ಸುಶೀಲ ಮಗುವನ್ನು ಅಜ್ಜಿಯ ಹತ್ತಿರ ಬಿಡುವುದು ಕಡಿಮೆ ಮಾಡಿದಳು. ಅವ್ವ ಯಾರನ್ನೂ ದೂರಲಿಲ್ಲ. ನಿನ್ನ ಮನೆಗೆ ಸ್ವಲ್ಪ ದಿನ ಬರ್ತೀನಿ ಎಂದು ಗಂಟು ಕಟ್ಟಿ, ನನ್ನ ಜೊತೆ ಬಸ್ಸು ಹತ್ತಿದಳು. ಸ್ವಲ್ಪ ದಿನ ಎಂದದ್ದು ವರ್ಷದ ಮೇಲಾಯಿತು. ಸೊರಬದಿಂದ ಬಸ್ಸು ಬರುವ ಹೊತ್ತಿಗೆ, ಶಿಕಾರಿಪುರದವರು ಯಾರಾದರೂ ಇಳಿದಾರೇನೋ ಎಂದು ಅವಳು ಜಗಲಿಗೆ ಬಂದು ಕೂರುತ್ತಿದ್ದಳು. ಮಗು ಈಗ ಎಷ್ಟು ಮಾತಾಡುತ್ತದೋ ಎಂದು ನನ್ನನ್ನೇ ಕೇಳುತ್ತಿದ್ದಳು. ಮುಂದಿನ ವಾರ ಹೋಗಿ ಸುಶೀಲಳಿಗೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮುಂದಿನ ವಾರ ಬರುತ್ತಿತ್ತು, ಹೋಗುತ್ತಿತ್ತು.

ಸುಶೀಲಳಿಗೆ ಎರಡನೆಯದೂ ಹೆಣ್ಣಾಯಿತು. ಸೋದರತ್ತೆ ಇಲ್ಲದೆ ಹೆಸರಿಡುವ ಹಾಗಿಲ್ಲವಲ್ಲ, ಕರೆ ಬಂತು. ಅವ್ವನನ್ನೂ ಕರೆದುಕೊಂಡು ಹೋದೆ. ಉಷಾ ಎಂದು ಗೊತ್ತುಮಾಡಿದ್ದರು. ತೊಟ್ಟಿಲಿಗೆ ಬಗ್ಗಿದೆ. ಬೆನ್ನಿಗೆ ಗುದ್ದು ಬೀಳತೊಡಗಿತು. ಅವ್ವ ಬಾಗಿಲ ಹತ್ತಿರ, ನೆಂಟಳ ಹಾಗೆ, ಗೋಡೆಗೆ ಒರಗಿ ನಿಂತಿದ್ದಳು — ಅವಳದೇ ಮನೆಯಲ್ಲಿ. ಹೆಸರು ಹೇಳದೆ ಎದ್ದು ನಿಂತೆ.

"ದೊಡ್ಡಾಕಿಗೆ ಹಾಲಮ್ಮ ಅಂತ ಹೆಸರಿಟ್ಟೋಳು ನಾನು. ಕಲಿಸಿದೋಳೂ ನಾನೇ. ಅವ್ವ ಅಲ್ಲ."

ಗುದ್ದುತ್ತಿದ್ದ ಕೈಗಳು ನಿಂತವು. ಸುಶೀಲ ನನ್ನ ಹತ್ತಿರ ಬರಲಿಲ್ಲ. ಬಾಣಂತಿ, ತಲೆಗೆ ಕಟ್ಟಿದ ಬಟ್ಟೆಯಲ್ಲೇ ಬಾಗಿಲಿಗೆ ಹೋಗಿ ಅವ್ವನ ಕೈ ಹಿಡಿದಳು. ಯಾಕೆ ಹೇಳಲಿಲ್ಲ ಅತ್ತೇರ ಎಂದಳು. ಆಕಿನೂ ನನ್ನ ಮಗಳ ಅಲ್ಲೇನವ್ವ ಎಂದಳು ಅವ್ವ.

ಸುಶೀಲ ಅವ್ವನ ಕೈ ಬಿಡದೆಯೇ ನನ್ನ ಕಡೆ ತಿರುಗಿ, ಮುಖ ಬಿಗಿದುಕೊಂಡೇ, "ಈ ಕೂಸಿಗೆ ಹಾಲಮ್ಮ ಅಂತ ಕರೀರಿ ಅಕ್ಕಾರ. ಈ ಸಲ ಎಲ್ಲರಿಗೂ ಕೇಳಂಗ ಕರೀರಿ" ಎಂದಳು. ನಾನು ಕರೆದೆ. ಬೀದಿಗೆ ಕೇಳುವಂತೆ ಕರೆದೆ.

ಆಗ ಹೆಂಗಸರ ಸೀರೆಗಳ ನಡುವಿಂದ ದೊಡ್ಡವಳು ನುಗ್ಗಿ ಬಂದಳು. ಮುಷ್ಟಿ ತುಂಬ ಗುಗ್ಗರಿ, ಕಣ್ಣ ತುಂಬ ನೀರು.

"ಅದು ನನ್ನ ಹೆಸರು. ಆಕಿಗೆ ಕೊಡಬ್ಯಾಡ್ರಿ."

ಹಾಗಾದರೆ ತಂಗಿಗೆ ಏನಿಡೋಣ ಎಂದು ಯಾರೋ ರಮಿಸಿದರು. ಅವಳು ಯೋಚನೆ ಮಾಡಿ, ದೊಡ್ಡ ಮನಸ್ಸು ಮಾಡಿದವಳ ಹಾಗೆ, "ಶೋಭಾ ಇಡ್ರಿ, ನನಗ ಬ್ಯಾಡ ಅದು" ಎಂದಳು.

ಮೊದಲು ನಕ್ಕವಳು ಸುಶೀಲ. ಆಮೇಲೆ ಮನೆಗೆ ಮನೆಯೇ ನಕ್ಕಿತು. ಎಮ್ಮೆಯ ಮಾತಾಡಿದ್ದ ಅವಳ ಅಕ್ಕನೇ ಎಲ್ಲರಿಗಿಂತ ಗಟ್ಟಿಯಾಗಿ ಹಾಲಮ್ಮ, ಹಾಲಮ್ಮ ಎಂದು ಕೂಗಿದಳು. ದೊಡ್ಡವಳು ಹಾಲಮ್ಮ, ಚಿಕ್ಕವಳು ಶೋಭಾ — ಅಂದು ನಿಂತ ಹೆಸರು ಇಂದಿಗೂ ನಿಂತಿವೆ. ಶಾಲೆಯಲ್ಲಿ ಹಾಲಮ್ಮ ಮೊಸರಮ್ಮ ಎಂದು ಅಣಕಿಸಿದರಂತೆ. ನಿಮ್ಮ ಹೆಸರು ನಿಮಗೆ ಕೊಟ್ಟಿದ್ದು, ನನ್ನದು ನಾನೇ ತಗೊಂಡಿದ್ದು ಎಂದು ಇವಳು ಹೇಳಿ ಬಂದಳಂತೆ. ಅವ್ವ ಕೊನೆಯವರೆಗೆ ಶಿಕಾರಿಪುರದ ಮನೆಯಲ್ಲೇ ಇದ್ದಳು, ಆ ಹುಡುಗಿಯ ಜಡೆ ಹೆಣೆಯುತ್ತ. ಒಬ್ಬಳನ್ನು ಕರೆದರೆ ಇಬ್ಬರು ಓ ಎನ್ನುತ್ತಿದ್ದರು. ಇಷ್ಟು ಒಳ್ಳೆಯದಾಗುವಂಥ ಪುಣ್ಯ ನಾನು ಮಾಡಿರಲಿಲ್ಲ. ಆದರೂ ಆಯಿತು.

ಈಗ ಉಳಿದದ್ದು. ನಾಚಿಕೆಯಿಂದ ಸುಮ್ಮನಿದ್ದೆ ಎಂದು ಎಲ್ಲರೂ ತಿಳಿದಿದ್ದಾರೆ, ನಾನೂ ಹಾಗೆಯೇ ಹೇಳುತ್ತ ಬಂದೆ. ಅದು ನಿಜವಲ್ಲ. ದಿನಾ ದೀಪ ಹಚ್ಚಿದ ಮೇಲೆ ಅವತ್ತಿನ ಸಣ್ಣ ಸಣ್ಣ ಒಳಿತುಗಳನ್ನು ಶಿವನೆದುರು ಹೇಳಿಕೊಳ್ಳುವುದು ನನ್ನ ರೂಢಿ — ಹಸಿ ಸೌದೆ ಹತ್ತಿತು, ಮಜ್ಜಿಗೆಯಲ್ಲಿ ಬೆಣ್ಣೆ ತೇಲಿತು, ಹೀಗೆ. ಆ ವರ್ಷ ದಿನಾ ಮೊದಲು ಹೇಳಿಕೊಂಡದ್ದು, ಅವ್ವ ನನ್ನ ಮನೆಯಲ್ಲಿದ್ದಾಳೆ ಎಂದು. ನಾನು ಚಿಕ್ಕಂದಿನಲ್ಲೇ ಅವಳನ್ನು ಬಿಟ್ಟು ಬಂದವಳು. ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ನಾನು ಅವಳ ಪಕ್ಕದಲ್ಲಿ ಮಲಗುತ್ತಿದ್ದೆ. ನಿಜ ಹೇಳಿದರೆ ಅವಳು ಹೊರಟುಹೋಗುತ್ತಿದ್ದಳು. ಅದಕ್ಕೇ ಹೇಳಲಿಲ್ಲ. ಜಗಲಿಯಲ್ಲಿ ಅವಳು ದಾರಿ ನೋಡುತ್ತ ಕೂತದ್ದು ಕಾಣುತ್ತಿದ್ದರೂ — ಹೇಳಲಿಲ್ಲ. ಮೊಮ್ಮಗಳಿಗೆ ಸೇರಬೇಕಾದ ಅಜ್ಜಿಯನ್ನು ನಾನು ಇಟ್ಟುಕೊಂಡೆ.

ಅವ್ವನ ಕ್ಷಮೆ ಕೇಳುವ ಕಾಲ ಹೋಯಿತು. ಮೊನ್ನೆಯ ಕೂಸಿನ ತೊಟ್ಟಿಲಿಗೆ ಸುಶೀಲ ಬರುತ್ತಾಳೆ, ಕೂಸಿನ ಅಜ್ಜಿ ಹಾಲಮ್ಮನೂ ಇರುತ್ತಾಳೆ. ಇಬ್ಬರನ್ನೂ ಕೂರಿಸಿಕೊಂಡು ಇದನ್ನು ಹೇಳುತ್ತೇನೆ. ಅವರು ಏನಂದರೂ ಕೇಳಿಸಿಕೊಳ್ಳುತ್ತೇನೆ. ಆ ವರ್ಷ ನಾನು ಸುಖವಾಗಿದ್ದೆ ಎಂಬುದನ್ನೂ ಬಚ್ಚಿಡುವುದಿಲ್ಲ.