ಖಾಲಿ ಎಂದು ಬರೆದ ನಮ್ಮ ಲೈನು

ಆಷಾಢದಲ್ಲಿ ಕೋರಮಂಡಲ್‌ನ ಚಿನ್ನದ ಗಣಿಯ ಸಾಲುಮನೆಗಳ ನಮ್ಮ ಲೈನಿನವರು ಮುಂಬಾಗಿಲು ತೆರೆಯುವುದಿಲ್ಲ. ಎದುರಿಗೇ ಸೈನೈಡ್ ಗುಡ್ಡ, ಚಿನ್ನ ತೆಗೆದು ಸುರಿದ ಮಣ್ಣಿನ ರಾಶಿ. ಗಾಳಿ ಎದ್ದರೆ ಗಣಿಯ ಆ ಬಿಳಿ ಧೂಳು ಅನ್ನದ ತಟ್ಟೆಗೇ ಬಂದು ಕೂರುತ್ತದೆ. ಬಾಗಿಲ ಸಂದಿಗೆ ಹಳೆ ಸೀರೆ ತುರುಕಿ, ಗಾಳಿ ತಳ್ಳದಂತೆ ಹೊರಗಿನಿಂದ ಬೀಗ ಹಾಕಿ, ಹಿತ್ತಿಲ ಓಣಿಯಲ್ಲೇ ಓಡಾಡುತ್ತೇವೆ. ಪಾತ್ರೆ, ಬಟ್ಟೆ, ಹರಟೆ, ಜಗಳ ಎಲ್ಲ ಅಲ್ಲೇ.

ನೆತ್ತಿಯ ಮೇಲೆ ಕ್ಯಾಮೆರಾ, ಗಿರಗಿರ ತಿರುಗುವ ಲೇಸರ್ ಹೊತ್ತ ಕಾರು ಬಂದದ್ದು ಆ ತಿಂಗಳಲ್ಲೇ. ಬೇತಮಂಗಲದ ಕೆರೆ ನೀರಿಗೆ ಹೊಸ ಪೈಪು ಹಾಕುತ್ತಾರಂತೆ, ಅದಕ್ಕೆ ಬೀದಿಗಳ ನಕ್ಷೆ. ಕಾರು ಮುಂದಿನ ರಸ್ತೆಯಲ್ಲಿ ಹಾದು ಹೊರಟುಹೋಯಿತು.

ಹದಿನೈದು ದಿನ ಬಿಟ್ಟು ಸರ್ವೆಯವರೊಬ್ಬರು ಪೈಪು ಹಾಯುವ ಕಡೆ ರಸ್ತೆಗೆ ಕೆಂಪು ಬಣ್ಣದ ಗುರುತು ಹಾಕುತ್ತ ಬಂದರು. ಗುರುತು ಪಕ್ಕದ ಲೈನಿಗೇ ನಿಂತಿತು. ನಾನು ಬಿಂದಿಗೆ ಇಳಿಸಿ ಯಾಕೆಂದು ಕೇಳಿದೆ. ಟ್ಯಾಬ್ ತೋರಿಸಿದರು. ನನ್ನ ಮನೆಯ ಬೀಗವೂ ಕಾಣುವಷ್ಟು ಚೊಕ್ಕಟವಾದ ಚಿತ್ರ. ಕೆಳಗೆ ಬರೆದಿತ್ತು: ಖಾಲಿ ಮನೆಗಳು.

"ಮಿಷನ್ ಸುಳ್ಳು ಹೇಳಲ್ಲಮ್ಮ."

"ಸುಳ್ಳೇನ್ ಏಳಿಲ್ಲ ಸಾರ್, ಮುಂದ್ಗಡೆ ಮಾತ್ರ ನೋಡ್ಕೊಂಡ್ ಓಯ್ತು. ಇತ್ಲ ಓಣಿಗೆ ಬರ್ಲಿ."

"ಆ ಓಣೀಲಿ ಕಾರ್ ಹಿಡಿಯಲ್ಲ."

ನನ್ನ ಹಿಂದೆಯೇ ಕೊಡ ಹೊತ್ತು ಬಂದ ಪಕ್ಕದ ಮನೆಯ ಅಕ್ಕ ಸುಮ್ಮನಿರಲಿಲ್ಲ. "ಖಾಲಿನಾ? ಅಂಗಾರೆ ನಾವೇನ್ ದೆವ್ವಗಳಾ? ದೆವ್ವದ್ ಕೈಲಿ ಟೀ ಕುಡೀತೀರಾ ಸಾಮಿ?"

ಅವರಿಗೂ ನಗು ಬಂತು. ಆದರೂ, "ಆಫೀಸಿಗೆ ಅರ್ಜಿ ಕೊಡಿ, ನೋಡೋಣ," ಎಂದರು.

"ತಪ್ಪು ನಿಮ್ದು, ಅರ್ಜಿ ನಮ್ದಾ?" ಎಂದು ನಾನು ಅವರ ಕೊನೆಯ ಗುರುತಿನ ಮೇಲೆ ಬಿಂದಿಗೆಯಿಟ್ಟು ಪಕ್ಕದಲ್ಲೇ ಕೂತೆ. ಅಕ್ಕನೂ ಕೂತಳು. ಅವರು ದೂರ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು.

ಮರುದಿನ ಬೆಳಿಗ್ಗೆ ಅದೇ ಮನುಷ್ಯ ಕಾರಿನ ಮೇಲಿದ್ದಂಥದೇ ಮಿಷನ್ನನ್ನು ಬೆನ್ನಿಗೆ ಕಟ್ಟಿಕೊಂಡು ನಮ್ಮ ಓಣಿಗೆ ನಡೆದೇ ಬಂದರು. "ಯಾರೂ ಅಡ್ಡ ನಿಲ್ಲಬೇಡಿ, ಒಳಗೆ ಹೋಗಿ. ಜನ ಇದ್ದರೆ ನಕ್ಷೆ ಕೆಡುತ್ತೆ."

"ಜನ ಇಲ್ಲ ಅಂತ್ಲೇ ತಾನೆ ಕೆಟ್ಟಿದ್ದು?" ಎಂದೆ. ಯಾರೂ ಒಳಗೆ ಹೋಗಲಿಲ್ಲ. ಸೌಟು ಹಿಡಿದವರು, ಮೊರ ಹಿಡಿದವರು, ಅರ್ಧ ಹೆಣೆದ ಜಡೆಯವರು, ತಂತಮ್ಮ ಹಿಂಬಾಗಿಲಲ್ಲಿ ನಿಂತೇ ಇದ್ದರು. ಸರ್ವೆಯವರು ನಮ್ಮ ನಡುವೆ ಓಣಿಯ ಕೊನೆಯವರೆಗೂ ನಡೆದು ತಿರುಗಿದಾಗ ಹೊರಹೋಗುವ ದಾರಿ ತುಂಬ ನಾವೇ ಇದ್ದೆವು.

"ಆ ಖಾಲಿ ಅನ್ನೋದ್ನ ಇಲ್ಲೇ ಅಳಿಸ್ಬುಡಿ ಸಾರ್, ನಮ್ಮ ಮುಂದ್ಗಡೆ," ಎಂದೆ.

ಅವರು ಟ್ಯಾಬ್ ತೆಗೆದರು. ಆ ಪದ ಹೋದದ್ದನ್ನು ಒಬ್ಬೊಬ್ಬರೂ ಬಗ್ಗಿ ನೋಡಿದ ಮೇಲೆಯೇ ದಾರಿ ಬಿಟ್ಟೆವು.