ಸೌದಾಮಿನಿಯ ವಾರ್ಡಿನ ನಡುಕ

ಕಾಸರಗೋಡಿನ ಆ ಆಸ್ಪತ್ರೆಯ ಗಂಡಸರ ವಾರ್ಡಿಗೆ ಯಾರೇ ದಾಖಲಾಗಲಿ, ಸೌದಾಮಿನಿ ಸಿಸ್ಟರ್ ಕೇಳುವ ಪ್ರಶ್ನೆ ತಪ್ಪಿದ್ದಲ್ಲ. "ಕುಡಿಯುವುದು ಉಂಟಾ? ಕೊನೆಗೆ ಕುಡಿದದ್ದು ಯಾವಾಗ?" ಊಟ ಆಯಿತಾ ಎಂದು ವಿಚಾರಿಸುವ ಧಾಟಿಯಲ್ಲೇ ಕೇಳುತ್ತಾಳೆ.

ಉತ್ತರವೂ ಹೆಚ್ಚುಕಡಿಮೆ ಒಂದೇ. ರೋಗಿ ಗೋಡೆ ನೋಡುತ್ತಾನೆ. ಬೈಸ್ಟಾಂಡರ್ ಆಗಿ ಅವನನ್ನು ನೋಡಿಕೊಳ್ಳಲು ಜೊತೆಗೆ ಬಂದ ಹೆಂಡತಿ, "ಅಂಥದ್ದೆಲ್ಲ ಇಲ್ಲ ಸಿಸ್ಟರ್" ಎನ್ನುತ್ತಾಳೆ. ಆಮೇಲೆ ಒಂದೆರಡು ದಿನಗಳಲ್ಲಿ ಕಾಲು ಮುರಿದವನ ಕೈ ನಡುಗತೊಡಗುತ್ತದೆ, ಹೊಟ್ಟೆನೋವೆಂದು ಬಂದವನು ಬೆವರಿನಲ್ಲಿ ತೋಯುತ್ತಾನೆ. ಕುಡಿತದ ಕಾಯಿಲೆಯೆಂದು ಹೇಳಿಕೊಂಡು ಆ ವಾರ್ಡಿಗೆ ಬಂದವರು ಯಾರೂ ಇಲ್ಲ. ಆದರೂ ಅದು ಇಲ್ಲದ ದಿನವೂ ಇಲ್ಲ. ಮೇಷ್ಟರು, ಮೀನಿನ ಲಾರಿಯ ಡ್ರೈವರ್, ಗಲ್ಫಿನಿಂದ ರಜೆಗೆ ಬಂದವನು, ಎಲ್ಲರಿಗೂ ಒಂದೇ ನಡುಕ. ಈ ನಡುಕಕ್ಕೆ ತನ್ನ ವಾರ್ಡಿನಲ್ಲಿ ಒಂದು ಜೀವವನ್ನೂ ಬಿಟ್ಟುಕೊಟ್ಟಿಲ್ಲ ಎಂಬ ಜಂಬ ಸೌದಾಮಿನಿಗೆ ಉಂಟು. ಇರಲಿ ಬಿಡಿ, ಪಡಬೇಕಾದ ಜಂಬವೇ ಅದು.

ಆ ಜಂಬಕ್ಕೆ ಸಂಚಕಾರ ಬಂದದ್ದು ವಾಸಪ್ಪ ಕಾಲು ಮುರಿದುಕೊಂಡು ಬಂದಾಗ. ವಾಸಪ್ಪ ಪುತ್ತಿಗೆ ಕಡೆಯ ಒಂದು ದೈವಸ್ಥಾನದ ಪಾತ್ರಿ. ದರ್ಶನದ ಹೊತ್ತಿಗೆ ದೈವ ಮೈದುಂಬಿ, ಖಡ್ಗ ಹಿಡಿದು ಊರಿಗೆ ನುಡಿ ಕೊಡುವ ಮನುಷ್ಯ. ಆ ಖಡ್ಗ ಹಿಡಿಯುವವನು ಹೆಂಡ ಮುಟ್ಟಬಾರದೆಂದು ಅಲ್ಲಿಯ ಕಟ್ಟು. ಸೌದಾಮಿನಿ ಎಂದಿನ ಪ್ರಶ್ನೆ ಕೇಳಿದಾಗ ಪಕ್ಕದಲ್ಲಿ ದೈವಸ್ಥಾನದ ಆಡಳಿತ ನೋಡುವ ಮೊಕ್ತೇಸರ ಶ್ರೀರಾಮರೇ ನಿಂತಿದ್ದರು. ವಾಸಪ್ಪನ ಹೆಂಡತಿ ಕಿನ್ನಿಯಕ್ಕ ತಲೆ ಎತ್ತದೆ, "ಇಲ್ಲ" ಎಂದಳು.

ಮೂರನೆಯ ದಿನ ಸಂಜೆ, ರೋಗಿಗಳನ್ನು ನೋಡಲು ಬರುವವರ ಹೊತ್ತು. ವಾಸಪ್ಪ ಇದ್ದಕ್ಕಿದ್ದಂತೆ ಗಡಗಡ ನಡುಗಿದ, ಕಣ್ಣು ತಿರುಗಿಸಿದ, ದೊಡ್ಡ ದನಿಯಲ್ಲಿ ಕೂಗಿದ. ಸುತ್ತ ಕುಳಿತಿದ್ದ ಊರವರು ದಡಕ್ಕನೆ ಎದ್ದು ಕೈ ಮುಗಿದರು.

"ಎಂತ ತಪ್ಪಾಗಿದೆ, ಅಪ್ಪಣೆಯಾಗಲಿ," ಎಂದು ಶ್ರೀರಾಮರು ತಲೆ ಬಾಗಿಸಿದರು. ಹಾಸಿಗೆಯಿಂದ ನುಡಿ ಬರಲಿಲ್ಲ, ಬರೀ ಕೂಗು ಬಂತು. "ಇಲ್ಲಿ ಆಗುವುದಲ್ಲ ಇದು. ಈಗಲೇ ಸ್ಥಾನಕ್ಕೆ ಕೊಂಡುಹೋಗುವ. ವ್ಯಾನ್ ತರಿಸಿ," ಎಂದು ಶ್ರೀರಾಮರು ಊರವರಿಗೆ ಹೇಳಿದರು.

ಓಡಿ ಬಂದ ಡಾಕ್ಟರ್ ಚಿತ್ರಾ ಬೇಡವೆಂದರು, ಬೇಡಿಕೊಂಡರು. ದೈವದ ಮಾತಿನ ನಡುವೆ ಡಾಕ್ಟರ ಮಾತು ಯಾರ ಕಿವಿಗೂ ಬೀಳಲಿಲ್ಲ. ಸೌದಾಮಿನಿಗೂ ದೈವದ ಭಯಭಕ್ತಿ ಇಲ್ಲದ್ದಲ್ಲ. ದರ್ಶನದ ಮುಂದೆ ಕೈ ಮುಗಿದು ನಿಂತೇ ಬೆಳೆದವಳು ಅವಳು. ಆದರೆ ಅವಳ ಕಣ್ಣು ಇದ್ದದ್ದು ವಾಸಪ್ಪನ ಬೆರಳುಗಳ ಮೇಲೆ. ಅವು ಹೊದಿಕೆಯಿಂದ ಏನನ್ನೋ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದವು. ಅವಳು ಕಿನ್ನಿಯಕ್ಕನ ಕೈ ಹಿಡಿದು ಬಾಗಿಲ ಬಳಿಗೆ ಕರೆದೊಯ್ದಳು.

"ಕಿನ್ನಿಯಕ್ಕ, ಇವರು ಇಲ್ಲದ ಇರುವೆ ಹೆಕ್ಕುತ್ತಾ ಇದ್ದಾರೆ. ದೈವ ಹೀಗೆ ಮಾಡುವುದನ್ನು ನೀವು ಯಾವತ್ತಾದರೂ ನೋಡಿದ್ದೀರಾ? ದಿನಾ ಕುಡಿಯುವವರಿಗೆ ಅದು ಒಮ್ಮೆಲೇ ನಿಂತರೆ ಹೀಗಾಗುತ್ತದೆ. ನಿಮ್ಮ ಮನೆಗೆ ಮಾತ್ರ ಬಂದದ್ದಲ್ಲ ಇದು, ನಾವು ಇಲ್ಲಿ ಯಾವಾಗಲೂ ನೋಡುವುದೇ. ಮದ್ದು ಉಂಟು. ವ್ಯಾನ್ ಹತ್ತಿಸಿದರೆ ದಾರಿಯಲ್ಲಿ ಫಿಟ್ಸ್ ಬಂದು ಜೀವ ಹೋದೀತು."

ಕಿನ್ನಿಯಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹೇಳಿದರೆ ಖಡ್ಗ ಹೋಗ್ತದಲ್ಲ ಸಿಸ್ಟರ್. ಇವರ ಅಜ್ಜನ ಕಾಲದಿಂದ ಬಂದದ್ದು."

"ಹೇಳದಿದ್ದರೆ ಅವರೇ ಹೋಗ್ತಾರೆ."

ಇಷ್ಟು ಕಠಿಣವಾಗಿ ಹೇಳಬಾರದಿತ್ತೇನೋ ಎಂದು ಸೌದಾಮಿನಿಗೆ ಅನಿಸಿತು. ಅಷ್ಟರಲ್ಲಿ ಯಾರೋ ವಾಸಪ್ಪನ ಕೈಯ ಡ್ರಿಪ್ಪಿನ ಸೂಜಿ ಕೀಳಲು ಬಗ್ಗಿದ್ದರು. ಕಿನ್ನಿಯಕ್ಕ ಜನರನ್ನು ಸರಿಸಿಕೊಂಡು ಹೋಗಿ ಹಾಸಿಗೆಗೆ ಅಡ್ಡ ನಿಂತಳು.

"ಮುಟ್ಟಬೇಡಿ. ಮೊಕ್ತೇಸರ್ರೇ, ಇದು ದೈವ ಅಲ್ಲ. ಇವರು ದಿನಾ ಕುಡಿಯುತ್ತಾರೆ. ಕುಂಜತ್ತೂರಿನ ಗಡಿಯ ಆಚೆಯಿಂದ ಹೆಂಡದ ಪ್ಯಾಕೆಟ್ ತರಿಸಿ ಕೊಡುವುದು ನಾನೇ. ಖಡ್ಗ ನೀವು ಇಟ್ಟುಕೊಳ್ಳಿ, ಗಂಡನನ್ನು ನನಗೆ ಬಿಡಿ."

ಮುಗಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಡಾಕ್ಟರ್ ಚಿತ್ರಾ ಮದ್ದು ಶುರು ಮಾಡಿದರು. ಸೌದಾಮಿನಿ ಇಂಜೆಕ್ಷನ್ ಕೊಡುತ್ತಾ ಕಿನ್ನಿಯಕ್ಕನ ಮುಖ ನೋಡಿದಳು. ತನ್ನ ಸರ್ವೀಸಿನಲ್ಲಿ ಇಂಥ ಗಟ್ಟಿ ಹೆಂಗಸನ್ನು ಕಂಡಿರಲಿಲ್ಲ ಅವಳು.

ವಾಸಪ್ಪನಿಗೆ ಪೂರ್ತಿ ಪ್ರಜ್ಞೆ ಬಂದ ಮೇಲೆ ಶ್ರೀರಾಮರು ಒಬ್ಬರೇ ಬಂದರು. ಖಡ್ಗ ಸದ್ಯಕ್ಕೆ ವಾಸಪ್ಪನ ಅಳಿಯ ಲತೀಶನ ಕೈಗೆ ಹೋಗುವುದೆಂದು ತೀರ್ಮಾನವಾಗಿತ್ತು. ಅದನ್ನು ಹೇಳುವಾಗ ಅವರ ದನಿ ಉಡುಗಿತ್ತು. ವಾಸಪ್ಪ ಕಣ್ಣೀರು ಒರೆಸಿಕೊಂಡು, "ಆಗಲಿ," ಎಂದ. "ಆದರೆ ಊರಿನಲ್ಲಿ ಯಾರಾದರೂ ಕೇಳಿದರೆ ಸರಿಯಾಗಿ ಹೇಳಿ. ವಾಸಪ್ಪ ಕುಡುಕನಾಗಿದ್ದ, ಹೆಂಡತಿ ಉಳಿಸಿದಳು ಅಂತ."

ಶ್ರೀರಾಮರು ಹೊರಟವರು ನರ್ಸುಗಳ ಮೇಜಿನ ಹತ್ತಿರ ನಿಂತರು. ಬಹಳ ಹೊತ್ತು ವಾಚಿನ ಪಟ್ಟಿ ಸರಿಮಾಡಿಕೊಂಡರು.

"ಸಿಸ್ಟರ್, ನನಗೂ ಬೆಳಿಗ್ಗೆ ಕೈ ನಡುಗುವುದುಂಟು. ಮನೆಯಲ್ಲಿ ಗೊತ್ತಿಲ್ಲ. ಯಾರನ್ನು ಕಾಣಬೇಕು?"

ಸೌದಾಮಿನಿ ಒಮ್ಮೆ ಕಿನ್ನಿಯಕ್ಕನ ಕಡೆ ನೋಡಿದಳು. ಅವಳು ಗಂಡನಿಗೆ ಗಂಜಿ ಆರಿಸುತ್ತಾ ಕುಳಿತಿದ್ದಳು, ಇದಾವುದೂ ಅವಳಿಗೆ ಕೇಳಿಸಿರಲಿಲ್ಲ.

"ಬನ್ನಿ ಮೊಕ್ತೇಸರ್ರೇ," ಎಂದು ಅವಳು ಎದ್ದಳು, "ನಾನೇ ಕರೆದುಕೊಂಡು ಹೋಗ್ತೇನೆ."