ಬೋಣಿಗೇ ಇಲ್ಲ ಅಂದವಳು

ಬೆಳಗಿನ ಜಾವ. ಇಲೋಯಿಲೋ ಪಟ್ಟಣದ ಹಳೇ ಮಾರುಕಟ್ಟೆಯಲ್ಲಿ ಮೀನಿನ ಬುಟ್ಟಿಗಳು ಇಳಿಯುತ್ತಿವೆ. ಮಹಡಿಯ ಮೇಲೆ, ದರ್ಜಿ ಅಂಗಡಿಯ ಪಕ್ಕದ ಪುಟ್ಟ ಕೋಣೆಯಲ್ಲಿ ಮರಿಫ್ಲೋರ್ ಪನಿಸಾಲೆಸ್ ಮೇಜು ಒರೆಸುತ್ತಿದ್ದಾಳೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾಳೆ. ಕಿವಿಯೆಲ್ಲ ಮರದ ಮೆಟ್ಟಿಲಿನ ಕಡೆಗಿದೆ. ಅಲ್ಲೇನಾದರೂ ಕಿರ್ ಎಂದರೆ ಬಟ್ಟೆ ಹಿಡಿದ ಕೈ ನಿಂತುಬಿಡುತ್ತದೆ.

"ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ," ಅನ್ನುತ್ತಾಳೆ. "ಪರೀಕ್ಷೆ ಫಲಿತಾಂಶದ ಹಿಂದಿನ ದಿನಾನೂ ಇಷ್ಟು ಹೆದರಿರಲಿಲ್ಲ."

ಲೆಕ್ಕಪರಿಶೋಧಕರ ಆ ಪರೀಕ್ಷೆಯನ್ನು ಅವಳು ಎರಡನೇ ಸಲಕ್ಕೆ ಪಾಸು ಮಾಡಿದಳು. ಗೋಡೆಯ ಮೇಲೆ ಲೈಸೆನ್ಸು ತೂಗುತ್ತಿದೆ, ಕಟ್ಟು ಹಾಕಿಸಿದ ವಾಸನೆ ಇನ್ನೂ ಹೋಗಿಲ್ಲ. ಮನಿಲಾದ ದೊಡ್ಡ ಕಚೇರಿಗೆ ಹೋಗಿದ್ದರೆ ತಿಂಗಳಿಗೆ ಸಂಬಳ ಬರುತ್ತಿತ್ತು, ತಲೆಬಿಸಿ ಇರುತ್ತಿರಲಿಲ್ಲ. ಆದರೆ ಅವಳು ಬೆಳೆದದ್ದು ಇದೇ ಮಾರುಕಟ್ಟೆಯಲ್ಲಿ, ತಾಯಿ ಪಾಸಿತಾಳ ಒಣಮೀನಿನ ಕಟ್ಟೆಯ ಕೆಳಗೆ. ತೆರಿಗೆ ಕಚೇರಿಯ ಚೀಟಿ ಬಂತೆಂದರೆ ಇಲ್ಲಿಯವರಿಗೆ ಚಳಿಜ್ವರ. ದಲ್ಲಾಳಿಗಳು ಆ ಹೆದರಿಕೆಯನ್ನೇ ಹಿಂಡಿ ತಿನ್ನುತ್ತಿದ್ದರು. ಇವರ ಲೆಕ್ಕ ತಾನೇ ಬರೆದುಕೊಟ್ಟರೆ ಆಗದೇ ಅಂದುಕೊಂಡಳು ಹುಡುಗಿ. ಅಂದುಕೊಳ್ಳುವುದು ಸುಲಭ, ಬಾಗಿಲು ತೆಗೆದು ಕೂರುವುದು ಬೇರೆ.

ಬಾಗಿಲು ತೆಗೆದ ಮೊದಲ ದಿನವೇ ಎಡವಟ್ಟಾಯಿತು. ಈ ಮಾರುಕಟ್ಟೆಯಲ್ಲಿ ಬೋಣಿಯ ಗಿರಾಕಿಗೆ ಇಲ್ಲ ಅನ್ನುವ ಹಾಗಿಲ್ಲ. ಕೇಳಿದ ಬೆಲೆಗೆ ಕೊಟ್ಟು, ಬಂದ ನೋಟನ್ನು ಸರಕಿನ ಮೇಲೆಲ್ಲ ತಟ್ಟುತ್ತಾರೆ. ಬೋಣಿ ಮುರಿದರೆ ದಿನವಿಡೀ ನೊಣ ಹೊಡೆಯುವುದೇ ಕೆಲಸ. ಅವಳ ಬೋಣಿಗೆ ಬಂದವರು ಅಕ್ಕಿ ವ್ಯಾಪಾರಿ ಕ್ರಿಸ್ಪುಲೋ. ಹಿರಿಯರು. ಕಿರಿಯರೆಲ್ಲ ನೋಂಗ್, ಅಂದರೆ ಅಣ್ಣ, ಎಂದೇ ಕರೆಯುತ್ತಾರೆ. ಮರಿಫ್ಲೋರ್ ಓದುತ್ತಿದ್ದಷ್ಟು ಕಾಲವೂ ಪಾಸಿತಾಗೆ ಅಕ್ಕಿ ಕಡ ಕೊಟ್ಟ ಪುಣ್ಯಾತ್ಮ.

"ಎರಡು ವರ್ಷದ ಲೆಕ್ಕ ಹೊಸದಾಗಿ ಬರಿ, ಇಂದಾಯ್," ಎಂದರಂತೆ, ಮನೆಮಗಳನ್ನು ಕರೆಯುವ ಹಾಗೆ. "ಬ್ಯಾಂಕಿನೋರ ಕಣ್ಣಿಗೆ ವ್ಯಾಪಾರ ಸ್ವಲ್ಪ ದಪ್ಪ ಕಾಣಬೇಕು. ಕೆಳಗೊಂದು ಸಹಿ ಹಾಕು, ಮುಗೀತು."

ಮರಿಫ್ಲೋರ್ ಆಗಲ್ಲ ಅಂದಳು.

"ಬಾಯಿಂದ ಹ್ಯಾಗೆ ಬಂತೋ ಗೊತ್ತಿಲ್ಲ." ಅನ್ನುತ್ತಾಳೆ ಈಗ. "ಅವರಿಗೆ ಹೆದರಿ ಸಹಿ ಹಾಕಿದ್ರೆ ಆಮೇಲೆ ಬಾಗಿಲು ಬಡಿದೋರಿಗೆಲ್ಲ ಹೆದರಬೇಕು. ಲೈಸೆನ್ಸು ಹೋದ್ರೆ ಅಮ್ಮ ಪಟ್ಟ ಪಾಡೆಲ್ಲ ನೀರುಪಾಲು."

ಸುದ್ದಿ ಕೆಳಗಿಳಿಯಲು ಎಷ್ಟು ಹೊತ್ತು? ಪಕ್ಕದ ದರ್ಜಿ ಎನ್ರಿಕೊನ ಬಾಯಿಗೆ ಬಿದ್ದರೆ ಡಂಗುರ ಬೇಕಿಲ್ಲ. ಬೋಣಿಗೇ ಇಲ್ಲ ಅಂದವಳು ಎಂಬ ಹೆಸರು ಅಂಟಿತು. ಆಮೇಲೆ ಒಬ್ಬ ಗಿರಾಕಿಯೂ ಮೆಟ್ಟಿಲು ಹತ್ತಲಿಲ್ಲ. ಪಾಸಿತಾಗೆ ಅಕ್ಕಿಯ ಕಡ ನಿಂತಿತು. "ಅನ್ನ ಕೊಟ್ಟ ಕೈಗೆ ಇಲ್ಲ ಅಂದೆಯಲ್ಲೇ," ಅಂದ ತಾಯಿ ಅವತ್ತಿನಿಂದ ಮಗಳ ಜೊತೆ ಸರಿಯಾಗಿ ಮಾತಾಡಿಲ್ಲ. ಈ ತಿಂಗಳು ಬಾಡಿಗೆ ಕಟ್ಟದಿದ್ದರೆ ಕೋಣೆ ಎನ್ರಿಕೊನ ಪಾಲು. ಅವನು ಆಗಲೇ ಟೇಪು ಹಿಡಿದು ಬಂದು, ಹೊಲಿಗೆ ಯಂತ್ರ ಎಲ್ಲಿಡಬಹುದೆಂದು ಅಳೆದು ಹೋಗಿದ್ದಾನೆ. ನಾಚಿಕೆ ಬೇಡವೇ ಮನುಷ್ಯನಿಗೆ?

ನಿನ್ನೆ ಸಂಜೆ ಅವನ ಬಾಯಲ್ಲೇ, ಮಾರುಕಟ್ಟೆಗೆಲ್ಲ ಕೇಳುವ ಹಾಗೆ, ಕ್ರಿಸ್ಪುಲೋ ಹೇಳಿಕಳಿಸಿದ್ದಾರೆ: ನಾಳೆ ಬೋಣಿಗೆ ಮತ್ತೆ ನಾನೇ ಬರ್ತೀನಿ. ಎರಡು ಸಲ ಬೋಣಿ ಮುರಿದೋರ ಅಂಗಡಿ ಉಳಿಯಲ್ಲ.

"ಇವತ್ತೂ ಇಲ್ಲ ಅನ್ನೋ ಧೈರ್ಯ ನನಗಿಲ್ಲ. ನಿಜ ಹೇಳ್ತಿದೀನಿ," ಅನ್ನುತ್ತಾಳೆ ಮರಿಫ್ಲೋರ್. ಸೀಲನ್ನು ಡ್ರಾಯರಿನಿಂದ ತೆಗೆಯುತ್ತಾಳೆ, ಮತ್ತೆ ಒಳಗಿಡುತ್ತಾಳೆ.

ಮೆಟ್ಟಿಲು ಕಿರುಗುಟ್ಟುತ್ತದೆ. ಮರಿಫ್ಲೋರ್ ಡ್ರಾಯರನ್ನು ಒತ್ತಿ ಹಿಡಿಯುತ್ತಾಳೆ. ಬಾಗಿಲಲ್ಲಿ ನಿಂತವಳು ಪಾಸಿತಾ. ಮಂಡಿನೋವಿನವಳು, ಏದುಸಿರು ಬಿಡುತ್ತಿದ್ದಾಳೆ. ಏಪ್ರನ್ನಿನ ಜೇಬಿನಿಂದ ಒಂದು ಹಿಡಿ ಚೀಟಿ, ಒಂದು ಮುದುಡಿದ ನೋಟು ತೆಗೆದು ಮೇಜಿನ ಮೇಲೆ ಇಟ್ಟು ಕುರ್ಚಿಯಲ್ಲಿ ಕೂರುತ್ತಾಳೆ.

"ನನ್ನ ಅಂಗಡಿ ಲೆಕ್ಕ ಬರಿ."

"ಅಮ್ಮ, ನೀನಿನ್ನೂ ಮೀನೇ ಹರಡಿಲ್ಲ."

"ಬಾಯಿ ಮುಚ್ಕೊಂಡು ದುಡ್ಡು ತಗೋ. ಹೊತ್ತಾಗ್ತಿದೆ."

ಮಗಳು ಒಣಮೀನಿನ ವಾಸನೆಯ ನೋಟನ್ನು ತೆಗೆದುಕೊಳ್ಳುತ್ತಾಳೆ. ಮೇಜಿಗೆ ತಟ್ಟುತ್ತಾಳೆ, ಕ್ಯಾಲ್ಕುಲೇಟರಿಗೆ, ಕೊನೆಗೆ ಗೋಡೆಯ ಲೈಸೆನ್ಸಿಗೂ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಭಾರದ ಹೆಜ್ಜೆಗಳು ಕೇಳುತ್ತವೆ. ಕ್ರಿಸ್ಪುಲೋ, ಕಂಕುಳಲ್ಲಿ ಫೈಲು.

"ತಡ ಮಾಡಿದೆ ಕ್ರಿಸ್ಪುಲೋ," ಅನ್ನುತ್ತಾಳೆ ಪಾಸಿತಾ, ಕುರ್ಚಿಯಿಂದ ಏಳದೆ. "ಬೋಣಿ ಆಯ್ತು." ಆಮೇಲೆ ಮಗಳ ಕಡೆ ತಿರುಗುತ್ತಾಳೆ. "ಬೋಣಿ ಗಿರಾಕಿಗೆ ಮಾತ್ರ ಇಲ್ಲ ಅನ್ನಬಾರದು. ಆ ಗಿರಾಕಿ ನಾನು. ಇನ್ನು ಯಾರಿಗೆ ಬೇಕಾದ್ರೂ ಅನ್ನು."

ಮರಿಫ್ಲೋರ್ ಎದ್ದು ನಿಲ್ಲುತ್ತಾಳೆ. "ನೋಂಗ್, ಇದ್ದದ್ದನ್ನ ಇದ್ದ ಹಾಗೆ ಬರೀತೀನಿ. ಇಲ್ಲದ್ದಕ್ಕೆ ಸಹಿ ಹಾಕಲ್ಲ."

ಕ್ರಿಸ್ಪುಲೋ ಅವಳನ್ನು ನೋಡುತ್ತಾರೆ, ತಾಯಿಯನ್ನು ನೋಡುತ್ತಾರೆ. ಫೈಲನ್ನು ಕಂಕುಳಿಗೆ ಒತ್ತಿಕೊಂಡು ಮೆಟ್ಟಿಲಿಳಿಯುತ್ತಾರೆ.

"ಹೋಗ್ತಾ ಒಣಮೀನು ತಗೊಂಡು ಹೋಗು," ಎಂದು ಪಾಸಿತಾ ಹಿಂದಿನಿಂದ ಕೂಗುತ್ತಾಳೆ. "ನಂದಿನ್ನೂ ಬೋಣಿ ಆಗಿಲ್ಲ."

ಅವರು ತಿರುಗಿ ನೋಡುವುದಿಲ್ಲ. ಅಕ್ಕಿಯ ಕಡ ಇನ್ನು ಹುಟ್ಟುವುದಿಲ್ಲವೆಂಬುದು ತಾಯಿಗೂ ಗೊತ್ತು, ಮಗಳಿಗೂ ಗೊತ್ತು. ಪಾಸಿತಾ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿಯುತ್ತಾಳೆ. ನಾಳೆಯೂ ಎಲ್ಲರಿಗಿಂತ ಮೊದಲು ಬರುತ್ತಾಳಂತೆ, ನಾಡಿದ್ದೂ ಬರುತ್ತಾಳಂತೆ.

ಮರಿಫ್ಲೋರ್ ತಾಯಿಯ ಚೀಟಿಗಳನ್ನು ಬಿಡಿಸಿ ಸಾಲಾಗಿ ಜೋಡಿಸುತ್ತಾಳೆ.

"ದೊಡ್ಡ ಕಚೇರಿ ಏನೂ ಬೇಡ ನನಗೆ," ಅನ್ನುತ್ತಾಳೆ. "ಮೆಟ್ಟಿಲ ಮೇಲೆ ಸದ್ದಾದ್ರೆ, ಹೆದರಿಕೆಗಿಂತ ಮೊದಲು ಗಿರಾಕಿ ಬಂದ್ರು ಅಂತ ಅನ್ನಿಸಬೇಕು. ಅಷ್ಟಾದ್ರೆ ಸಾಕು."